ಅಂಚು ನೋಡಿ ಶ್ರೇಣಿ ಹಿಡಿಯಿರಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಗಣಿತ

ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ಗಂಟಿನ ಸುತ್ತ ತಿರುಗುತ್ತವೆ. ಜಾಗ, ಕಾಲ ಎರಡರ ಜೊತೆಗೂ ಬದಲಾಗುವ ಫಲನಕ್ಕೆ ಬರೆಯುವ ಆಂಶಿಕ ಅವಕಲ ಸಮೀಕರಣವನ್ನು, ಅಂದರೆ ವಿದ್ಯಾರ್ಥಿಗಳ ಬಾಯಲ್ಲಿ ‘ಪಿಡಿಇ’ಯನ್ನು, ಫೋರಿಯರ್ ಶ್ರೇಣಿಯಿಂದ (ಸೈನ್, ಕೊಸೈನ್ ಅಲೆಗಳ ಮೊತ್ತದಿಂದ) ಬಿಡಿಸಲು ಹೊರಟು ಎಲ್ಲೋ ಸಿಕ್ಕಿಹಾಕಿಕೊಂಡವರು ಬರೆದಿದ್ದಾರೆ. ಅಕ್ಷರಗಳ ಒಪ್ಪಂದ ಹೀಗಿರಲಿ: ಯು ಎಂದರೆ ತಾಪಮಾನ (ತಂತಿಯ ಪ್ರಶ್ನೆಯಲ್ಲಿ ಅದೇ ಯು ತಂತಿ ತನ್ನ ಜಾಗದಿಂದ ಸರಿದ ದೂರ), ಎಕ್ಸ್ ಎಂದರೆ ಎಡತುದಿಯಿಂದ ದೂರ, ಟಿ ಎಂದರೆ ಕಾಲ, ಎಲ್ ಎಂದರೆ ಒಟ್ಟು ಉದ್ದ, ಎನ್ ಎಂದರೆ 1, 2, 3 ಹೀಗೆ ಸಾಗುವ ಪೂರ್ಣಾಂಕ. ಆಲ್ಫಾ ಎಂದರೆ ಆ ವಸ್ತುವಿನಲ್ಲಿ ಶಾಖ ಎಷ್ಟು ಬೇಗ ಹರಡುತ್ತದೆ ಎಂದು ಹೇಳುವ ಸ್ಥಿರಾಂಕ.

ಪ್ರಶ್ನೆ: ಒಂದು ಮೀಟರ್ ಉದ್ದದ ತಾಮ್ರದ ಸರಳು. ಮೊದಲಿಗೆ ಎಲ್ಲೆಡೆ 100 ಡಿಗ್ರಿ. ಟಿ = 0 ಆದಾಗ ಎರಡೂ ತುದಿಗಳನ್ನು ಮಂಜುಗಡ್ಡೆಗೆ ಇಟ್ಟು 0 ಡಿಗ್ರಿಯಲ್ಲೇ ಉಳಿಸಬೇಕು. ನಾನು 100 ಎಂಬ ಫಲನಕ್ಕೆ ಫೋರಿಯರ್ ಶ್ರೇಣಿ ಬರೆದೆ. ಸ್ಥಿರ ಪದ 100 ಬಂತು, ಉಳಿದ ಸಹಗುಣಕಗಳೆಲ್ಲ ಸೊನ್ನೆ. ಉತ್ತರ ಯಾವಾಗಲೂ 100 ಎಂದೇ ಬರುತ್ತಿದೆ. ಸರಳು ತಣ್ಣಗಾಗುವುದೇ ಇಲ್ಲವಲ್ಲ? (ಬಿಎಸ್‌ಸಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿಮ್ಮ ಲೆಕ್ಕದಲ್ಲಿ ಒಂದು ಗೆರೆಯೂ ತಪ್ಪಿಲ್ಲ, ತಪ್ಪಿದ್ದು ಲೆಕ್ಕ ಶುರುವಾಗುವ ಮೊದಲು. ಯು = 100 ಎನ್ನುವುದು ಸಮೀಕರಣಕ್ಕೂ ಹೊಂದುತ್ತದೆ, ಆರಂಭದ ಸ್ಥಿತಿಗೂ ಹೊಂದುತ್ತದೆ. ಹೊಂದದಿರುವುದು ತುದಿಗಳಿಗೆ ಮಾತ್ರ. ನೀವು ಫೋರಿಯರ್ ಶ್ರೇಣಿಯನ್ನು ಆರಂಭದ ಫಲನ ನೋಡಿ ಆರಿಸಿದಿರಿ. ಅದನ್ನು ಆರಿಸಬೇಕಾದದ್ದು ಅಂಚು ನೋಡಿ. ಸೈನ್ ಬೇಕೋ ಕೊಸೈನ್ ಬೇಕೋ ಎರಡೂ ಬೇಕೋ ಎಂಬುದನ್ನು ತುದಿಗಳೇ ಹೇಳುತ್ತವೆ. ಆರಂಭದ ಫಲನ ಬರುವುದು ಕೊನೆಯಲ್ಲಿ, ಸಹಗುಣಕ ತುಂಬಿಸಲು.

ಸಾಲಾಗಿ ಮಾಡೋಣ. ಯು ಎಂಬುದನ್ನು ಎಕ್ಸ್ ಮಾತ್ರ ಇರುವ ಒಂದು ಫಲನ ಮತ್ತು ಟಿ ಮಾತ್ರ ಇರುವ ಇನ್ನೊಂದು ಫಲನದ ಗುಣಲಬ್ಧ ಎಂದು ಹಿಡಿದು ಶಾಖದ ಸಮೀಕರಣದಲ್ಲಿ (ಕಾಲದೊಂದಿಗೆ ಯು ಬದಲಾಗುವ ವೇಗ = ಆಲ್ಫಾ × ಎಕ್ಸ್ ಕುರಿತು ಯು ಯ ಎರಡನೆಯ ಅವಕಲನ) ಇಡಿ. ಭಾಗಿಸಿದರೆ ಒಂದು ಬದಿಯಲ್ಲಿ ಬರೀ ಎಕ್ಸ್, ಇನ್ನೊಂದು ಬದಿಯಲ್ಲಿ ಬರೀ ಟಿ. ಎಕ್ಸ್ ಬದಲಾದರೂ ಟಿ ಬದಲಾದರೂ ಇವು ಸಮವಾಗಿಯೇ ಇರಬೇಕಾದರೆ ಎರಡೂ ಒಂದು ಸ್ಥಿರಾಂಕವೇ ಆಗಿರಬೇಕು. ಆ ಸ್ಥಿರಾಂಕ ಧನವಾದರೆ ಎಕ್ಸ್ ಭಾಗದಲ್ಲಿ ಘಾತೀಯ ಫಲನಗಳು ಬರುತ್ತವೆ, ಅವು ಎರಡು ಕಡೆ ಸೊನ್ನೆ ಮುಟ್ಟಲಾರವು. ಸೊನ್ನೆಯಾದರೆ ನೇರ ಗೆರೆ, ಅದೂ ಎರಡು ಕಡೆ ಸೊನ್ನೆ ಮುಟ್ಟಿದರೆ ಪೂರ್ತಿ ಸೊನ್ನೆಯೇ. ಆದ್ದರಿಂದ ಋಣ, ಅದನ್ನು −ಲ್ಯಾಂಬ್ಡಾ² ಎಂದು ಬರೆಯಿರಿ. ಪರೀಕ್ಷೆಯಲ್ಲಿ ಈ ಮೂರು ಸಾಲು ಬಿಟ್ಟು ನೇರವಾಗಿ ‘ಋಣ ಎಂದು ಭಾವಿಸೋಣ’ ಎಂದು ಬರೆಯುವವರೇ ಹೆಚ್ಚು. ಅಂಕ ಹೋಗುವುದು ಅಲ್ಲೇ.

ಈಗ ಎಕ್ಸ್ ಭಾಗ: ಎ × ಕೊಸೈನ್(ಲ್ಯಾಂಬ್ಡಾ ಎಕ್ಸ್) + ಬಿ × ಸೈನ್(ಲ್ಯಾಂಬ್ಡಾ ಎಕ್ಸ್). ಎಡತುದಿಯಲ್ಲಿ ಸೊನ್ನೆ ಎಂದರೆ ಎ ಹೋಯಿತು. ಬಲತುದಿಯಲ್ಲಿ ಸೊನ್ನೆ ಎಂದರೆ ಲ್ಯಾಂಬ್ಡಾ × ಎಲ್ = ಎನ್ ಪೈ. ಸೈನ್ ಶ್ರೇಣಿ ಬಂದದ್ದು ಹೀಗೆ, ಯಾರೋ ‘ಅರ್ಧ ವ್ಯಾಪ್ತಿಯ ಸೈನ್ ಶ್ರೇಣಿ ಬಳಸಿ’ ಎಂದು ಹೇಳಿದ್ದಕ್ಕಲ್ಲ. ಟಿ ಭಾಗ ಇ^(−ಆಲ್ಫಾ ಎನ್² ಪೈ² ಟಿ/ಎಲ್²). ಉಳಿದದ್ದು ಸಹಗುಣಕ: 2/ಎಲ್ ಅನ್ನು 100 × ಸೈನ್(ಎನ್ ಪೈ ಎಕ್ಸ್/ಎಲ್) ಎಂಬುದರ 0 ಯಿಂದ ಎಲ್ ವರೆಗಿನ ಅನುಕಲದಿಂದ ಗುಣಿಸಿ. ಎನ್ ಸಮಸಂಖ್ಯೆಯಾದರೆ ಸೊನ್ನೆ, ಬೆಸವಾದರೆ 400/(ಎನ್ ಪೈ). ಸೊನ್ನೆಯಲ್ಲದ ಮೊದಲ ಮೂರು ಸಹಗುಣಕಗಳು 127.3, 42.4, 25.5.

ಅಂಕಿ ಹಾಕಿ ನೋಡದಿದ್ದರೆ ಈ ಸೂತ್ರ ಗೋಡೆಗೆ ನೇತುಹಾಕಿದ ಪಟವಷ್ಟೇ. ತಾಮ್ರಕ್ಕೆ ಆಲ್ಫಾ ಸುಮಾರು 0.00011 ಚದರ ಮೀಟರ್ ಪ್ರತಿ ಸೆಕೆಂಡಿಗೆ. ಎಲ್ = 1 ಮೀಟರ್ ಆದ್ದರಿಂದ ಮೊದಲ ಪದ ಸುಮಾರು 920 ಸೆಕೆಂಡಿನಲ್ಲಿ, ಅಂದರೆ ಹದಿನೈದು ನಿಮಿಷ ಚಿಲ್ಲರೆಯಲ್ಲಿ, 37 ಶೇಕಡಾಕ್ಕೆ ಇಳಿಯುತ್ತದೆ. ಮೂರನೆಯ ಪದ (ಎನ್ = 3) ಅದಕ್ಕಿಂತ 9 ಪಟ್ಟು ಬೇಗ, ಐದನೆಯದು 25 ಪಟ್ಟು ಬೇಗ. ಹತ್ತು ನಿಮಿಷದ ನಂತರ ಸರಳಿನ ನಡುವೆ ಎಷ್ಟು? ಮೊದಲ ಪದ 66.38, ಮೂರನೆಯ ಪದ −0.12, ಐದನೆಯದು ಲೆಕ್ಕಕ್ಕೇ ಇಲ್ಲ. ಉತ್ತರ 66.26 ಡಿಗ್ರಿ. ಎರಡು ಪದ ಸಾಕಾಯಿತು.

ಆದರೆ ‘ಒಂದೆರಡು ಪದ ಸಾಕು’ ಎಂಬುದನ್ನು ಎಲ್ಲ ಕಡೆ ನಂಬಬೇಡಿ. ಅದೇ ನಡುಬಿಂದುವಿಗೆ ಒಂದು ನಿಮಿಷದ ನಂತರದ ಲೆಕ್ಕ ಹಾಕಿ. ಮೊದಲ ಪದವೊಂದೇ 119.3 ಕೊಡುತ್ತದೆ, 100 ಡಿಗ್ರಿಯಿಂದ ತಣಿಯುತ್ತಿರುವ ಸರಳು ಮೊದಲಿಗಿಂತ ಬಿಸಿಯಾಯಿತೇ? ಮೂರನೆಯದು −23.6, ಐದನೆಯದು +5.0, ಏಳನೆಯದು −0.75, ಒಂಬತ್ತನೆಯದು +0.07. ಕೂಡಿದರೆ 100.0. ತುದಿಯ ತಂಪು ಒಂದು ನಿಮಿಷದಲ್ಲಿ ನಡುವಿಗೆ ಇನ್ನೂ ತಲುಪಿಲ್ಲ ಎಂದು ಶ್ರೇಣಿ ಸರಿಯಾಗಿಯೇ ಹೇಳುತ್ತಿದೆ, ಐದು ಪದ ಕೂಡಿಸುವ ತಾಳ್ಮೆ ನಮಗಿರಬೇಕು. ಒಂದು ಕೈಗಂಬ: ಆಲ್ಫಾ × ಟಿ/ಎಲ್² ಎಂಬ ಸಂಖ್ಯೆ 0.05 ದಾಟಿದ್ದರೆ ಎರಡು ಪದ ಧಾರಾಳ. 0.01ಕ್ಕಿಂತ ಕಡಿಮೆಯಿದ್ದರೆ ಐದಾರು ಪದವಾದರೂ ಬೇಕು, ತೀರ ಚಿಕ್ಕದಾದರೆ ಇನ್ನೂ ಹೆಚ್ಚು.

ತಾಮ್ರದ ಬದಲು ಅದೇ ಅಳತೆಯ ಮರದ ಕೋಲಾದರೆ? ಮರಕ್ಕೆ ಆಲ್ಫಾ ಸುಮಾರು 0.0000001. ಹದಿನೈದು ನಿಮಿಷದ ಜಾಗದಲ್ಲಿ ಹನ್ನೊಂದು ದಿನಕ್ಕೂ ಹೆಚ್ಚು. ಸೂತ್ರ ಅದೇ, ಬದಲಾದದ್ದು ಒಂದು ಸಂಖ್ಯೆ. (ಎರಡೂ ಲೆಕ್ಕದಲ್ಲಿ ಪಕ್ಕದ ಮೈಯಿಂದ ಶಾಖ ಸೋರುವುದಿಲ್ಲ ಎಂದು ಹಿಡಿದಿದ್ದೇವೆ. ಹನ್ನೊಂದು ದಿನ ಬಯಲಲ್ಲಿಟ್ಟ ಕೋಲಿನ ಮಟ್ಟಿಗೆ ಅದು ಬರೀ ಕಾಗದದ ಮೇಲಿನ ಮಾತು.)

ಪ್ರಶ್ನೆ: ತುದಿಗಳು ಸೊನ್ನೆಯಲ್ಲ, ಒಂದು 30 ಡಿಗ್ರಿ, ಇನ್ನೊಂದು 90 ಡಿಗ್ರಿ. ಸರಳು ಮೊದಲಿಗೆ ಪೂರ್ತಿ 30 ಡಿಗ್ರಿ. ಲ್ಯಾಂಬ್ಡಾ ಸಿಗುತ್ತಿಲ್ಲ. (ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಸಿಗುವುದೂ ಇಲ್ಲ. ಬೇರೆಬೇರೆ ಪದಗಳನ್ನು ಕೂಡಿಸುವ ಈ ವಿಧಾನ ನಡೆಯುವುದು ತುದಿಗಳು ಸೊನ್ನೆಯಾಗಿದ್ದಾಗ ಮಾತ್ರ: ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆ, ಆದರೆ 90ಕ್ಕೆ 90 ಕೂಡಿದರೆ 180. ಮೊದಲು ಬಹಳ ಕಾಲದ ನಂತರ ಉಳಿಯುವ ಸ್ಥಿತಿಯನ್ನು ಬರೆಯಿರಿ: 30 + 60 ಎಕ್ಸ್/ಎಲ್, ನೇರ ಗೆರೆ. ಅದನ್ನು ಯು ಇಂದ ಕಳೆದು ಉಳಿದದ್ದನ್ನು ವಿ ಎನ್ನಿ. ವಿ ಗೆ ಎರಡೂ ತುದಿ ಸೊನ್ನೆ, ಹಿಂದಿನ ಲೆಕ್ಕವೇ ಮತ್ತೆ.

ಇಲ್ಲಿ ಹತ್ತಕ್ಕೆ ಎಂಟು ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಗೆರೆಯನ್ನು ಯು ಇಂದ ಕಳೆಯುತ್ತಾರೆ, ಆರಂಭದ ಸ್ಥಿತಿಯಿಂದ ಕಳೆಯಲು ಮರೆಯುತ್ತಾರೆ. ವಿ ಯ ಆರಂಭ 30 ಅಲ್ಲ. 30 − 30 − 60 ಎಕ್ಸ್/ಎಲ್, ಅಂದರೆ −60 ಎಕ್ಸ್/ಎಲ್. ಅದಕ್ಕೆ ಸಹಗುಣಕ 120 × (−1)^ಎನ್/(ಎನ್ ಪೈ), ಮೊದಲನೆಯದು −38.2. ಕೊನೆಗೆ ಗೆರೆಯನ್ನು ಮತ್ತೆ ಕೂಡಿಸುವುದನ್ನೂ ಮರೆಯಬೇಡಿ. ಬರೆದ ಉತ್ತರದಲ್ಲಿ ಟಿ ಯನ್ನು ಬಹಳ ದೊಡ್ಡದು ಮಾಡಿ ನೋಡಿ: ಗೆರೆ ಉಳಿಯಬೇಕು. ಸೊನ್ನೆ ಉಳಿದರೆ ಕೂಡಿಸಿಲ್ಲ ಎಂದರ್ಥ.

ತುದಿಯ ತಾಪಮಾನವೇ ಕಾಲದೊಂದಿಗೆ ಏರಿಳಿದರೆ ಕಳೆಯುವ ಗೆರೆಯೂ ಏರಿಳಿಯುತ್ತದೆ, ಆಗ ಸಮೀಕರಣದೊಳಗೆ ಒಂದು ಹೊಸ ಪದ ಹುಟ್ಟುತ್ತದೆ. ಅದು ಬೇರೆ ದಿನದ ಮಾತು.

ಪ್ರಶ್ನೆ: ಎರಡೂ ತುದಿಗೆ ಶಾಖ ದಾಟದ ಹೊದಿಕೆ. ಆರಂಭದಲ್ಲಿ ಎಡಕ್ಕೆ 0, ಬಲಕ್ಕೆ 100, ನಡುವೆ ನೇರ ಏರಿಕೆ. ಕೊನೆಗೆ ಎಲ್ಲೆಡೆ 100 ಡಿಗ್ರಿ ಬರುತ್ತಿದೆ. ಸರಿಯೇ? (ಅದೇ ಕಾಲೇಜಿನ ಇನ್ನೊಬ್ಬರು)

ಉತ್ತರ: ಸರಿಯಲ್ಲ. ಹೊರಗೆ ಹೋಗದ, ಒಳಗೆ ಬರದ ಶಾಖ ಸಮನಾಗಿ ಹರಡಿದರೆ ಸರಾಸರಿ 50 ಉಳಿಯಬೇಕು. ಹೊದಿಕೆ ಎಂದರೆ ತುದಿಯಲ್ಲಿ ಇಳಿಜಾರು ಸೊನ್ನೆ, ಆದ್ದರಿಂದ ಕೊಸೈನ್. ಕೊಸೈನ್ ಶ್ರೇಣಿಯಲ್ಲಿ ಎನ್ = 0 ಕೂಡ ಇದೆ, ಮತ್ತು ಅದನ್ನು ಅರ್ಧ ಮಾಡಬೇಕು. 2/ಎಲ್ ಸೂತ್ರದಿಂದ 100 ಬರುತ್ತದೆ, ಶ್ರೇಣಿಯಲ್ಲಿ ಕೂರುವುದು ಅದರ ಅರ್ಧ. ನೀವು ಅರ್ಧ ಮಾಡಿಲ್ಲ. ಉಳಿದ ಸಹಗುಣಕ ಬೆಸ ಎನ್‌ಗೆ −400/(ಎನ್² ಪೈ²).

ಒಂದು ತುದಿ ಮಂಜಿನಲ್ಲಿ, ಇನ್ನೊಂದಕ್ಕೆ ಹೊದಿಕೆ ಇದ್ದರೆ ಲ್ಯಾಂಬ್ಡಾ ಎನ್ ಪೈ/ಎಲ್ ಅಲ್ಲ. ಪೈ/(2 ಎಲ್), 3 ಪೈ/(2 ಎಲ್), 5 ಪೈ/(2 ಎಲ್) ಹೀಗೆ. ಬಾಯಿಪಾಠದ ಎನ್ ಪೈ/ಎಲ್ ಹಾಕಿದವರಿಗೆ ಹೊದಿಕೆಯ ತುದಿಯೂ ಸೊನ್ನೆ ಡಿಗ್ರಿಗೆ ಹೋಗಿ ಕೂರುತ್ತದೆ. ಮೇಲಿನ ತಾಮ್ರದ ಸರಳಿಗೇ ಹೀಗೆ ಮಾಡಿದರೆ ತಣಿಯುವ ಕಾಲ ನಾಲ್ಕು ಪಟ್ಟು: ಹದಿನೈದು ನಿಮಿಷದ ಬದಲು ಒಂದು ತಾಸು.

ಪ್ರಶ್ನೆ: ಹೊದಿಕೆಯೂ ಇಲ್ಲ, ಮಂಜೂ ಇಲ್ಲ, ತುದಿ ಗಾಳಿಗೆ ತೆರೆದಿದ್ದರೆ? (ಪಾಲಿಟೆಕ್ನಿಕ್ ಉಪನ್ಯಾಸಕರು, ತುಮಕೂರು)

ಉತ್ತರ: ನಿಜವಾದ ಕಾರ್ಖಾನೆಯಲ್ಲಿ ಎದುರಾಗುವುದು ಇದೇ, ಪಠ್ಯಪುಸ್ತಕದಲ್ಲಿ ಸಿಗುವುದು ಕಡಿಮೆ. ಎಡತುದಿ ಸೊನ್ನೆ, ಬಲತುದಿಯಿಂದ ಗಾಳಿಗೆ ಹೋಗುವ ಶಾಖ ಆ ತುದಿಯ ತಾಪಮಾನಕ್ಕೆ ಅನುಪಾತ ಎಂದಿರಲಿ. ಸುತ್ತಲ ಗಾಳಿಯನ್ನೇ ಸೊನ್ನೆ ಎಂದು ಎಣಿಸಿದ್ದೇವೆ. ಬೀಟಾ = ಲ್ಯಾಂಬ್ಡಾ × ಎಲ್ ಎಂದರೆ, ಟ್ಯಾನ್(ಬೀಟಾ) = −ಬೀಟಾ/ಬಿ ಎಂಬ ಸಮೀಕರಣ ಬರುತ್ತದೆ. ಇಲ್ಲಿ ಬಿ ಎಂದರೆ ಗಾಳಿಗೆ ಶಾಖ ಬಿಡುವ ಗುಣಾಂಕವನ್ನು ಎಲ್ ಇಂದ ಗುಣಿಸಿ ಲೋಹದ ವಾಹಕತೆಯಿಂದ ಭಾಗಿಸಿದ ಸಂಖ್ಯೆ. ಬಿ = 1 ಆದರೆ ಬೀಟಾ 2.029, 4.913, 7.979. ಪೈನ ಪೂರ್ಣ ಗುಣಕವೂ ಅಲ್ಲ, ಅರ್ಧ ಗುಣಕವೂ ಅಲ್ಲ. ಕ್ಯಾಲ್ಕುಲೇಟರಿನಲ್ಲಿ ಒಂದೊಂದಾಗಿ ಹುಡುಕಬೇಕು.

ಎಚ್ಚರ ಬೇಕಾದದ್ದು ಅದಾದ ಮೇಲೆ. ಸೈನ್‌ನ ವರ್ಗದ ಅನುಕಲ ಈಗ ಎಲ್/2 ಅಲ್ಲ, ಎಲ್/2 × [1 − ಸೈನ್(2 ಬೀಟಾ)/(2 ಬೀಟಾ)]. ಮೊದಲ ಬೀಟಾಕ್ಕೆ ಇದು ಎಲ್/2ಕ್ಕಿಂತ ಸುಮಾರು 20 ಶೇಕಡಾ ದೊಡ್ಡದು. ಹಳೆಯ 2/ಎಲ್ ಅನ್ನೇ ಮುಂದೆ ಹಾಕಿದರೆ ಮೊದಲ ಸಹಗುಣಕ ಅಷ್ಟೇ ಪಾಲು ಉಬ್ಬುತ್ತದೆ, ಮತ್ತು ಉತ್ತರ ನೋಡಲು ಎಷ್ಟು ಸಭ್ಯವಾಗಿರುತ್ತದೆ ಎಂದರೆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಟಿ = 0 ಇಟ್ಟು ಹತ್ತು ಪದ ಕೂಡಿಸಿ ಆರಂಭದ ಫಲನ ಮರಳಿ ಬರುತ್ತದೆಯೇ ನೋಡಿ. ಆಗ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಪೈಥಾನ್‌ನಲ್ಲಿ ಆ 100 ಡಿಗ್ರಿಯ ಸರಳಿನ ಚಿತ್ರ ಬರೆದೆ. ಟಿ = 0 ರಲ್ಲಿ ಎರಡೂ ತುದಿಯ ಹತ್ತಿರ ಕೊಂಬು ಮೂಡುತ್ತಿದೆ, 118ರವರೆಗೆ ಏರುತ್ತಿದೆ. 500 ಪದ ಹಾಕಿದರೂ ಹೋಗುತ್ತಿಲ್ಲ. ಕೋಡ್‌ನಲ್ಲಿ ಎಲ್ಲಿ ತಪ್ಪಿದೆ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಕೋಡ್ ಸರಿಯಿದೆ. 5000 ಪದ ಹಾಕಿದರೂ ಕೊಂಬು ಇರುತ್ತದೆ. ಸೈನ್ ಶ್ರೇಣಿಯ ಕಣ್ಣಿಗೆ ನಿಮ್ಮ ಸರಳು ಒಂಟಿಯಲ್ಲ. ಎಡಕ್ಕೆ −100ರ ಒಂದು ಪ್ರತಿಬಿಂಬ ಅಂಟಿಕೊಂಡಿದೆ. ಹಾಗಾಗಿ ತುದಿಯಲ್ಲಿ −100ರಿಂದ +100ಕ್ಕೆ, ಒಟ್ಟು 200ರ ನೆಗೆತ. ನೆಗೆತವಿರುವ ಕಡೆ ಶ್ರೇಣಿ ಆ ನೆಗೆತದ ಸುಮಾರು 8.95 ಶೇಕಡಾದಷ್ಟು ಮೀರಿ ಏರುತ್ತದೆ. 200ರ 8.95 ಶೇಕಡಾ 17.9, ಅದೇ ನಿಮ್ಮ 118. ಇದಕ್ಕೆ ಗಿಬ್ಸ್ ವಿದ್ಯಮಾನ ಎಂದು ಹೆಸರು. ಗಿಬ್ಸ್ ಅದನ್ನು ವಿವರಿಸಿದ್ದು 1899ರಲ್ಲಿ. ವಿಲ್‌ಬ್ರಹಾಂ ಎಂಬ ಇಂಗ್ಲಿಷ್ ಗಣಿತಜ್ಞ 1848ರಲ್ಲೇ ಬರೆದಿಟ್ಟಿದ್ದ. ಹೆಸರು ಮಾತ್ರ ತಡವಾಗಿ ಬಂದವನಿಗೆ ಸಂದಿತು.

ಪದ ಹೆಚ್ಚಿಸಿದಂತೆ ಕೊಂಬಿನ ಎತ್ತರ ಇಳಿಯುವುದಿಲ್ಲ, ಅದು ತುದಿಗೆ ಸರಿಯುತ್ತದೆ. ಸೊನ್ನೆಯಲ್ಲದ 10 ಪದ ಹಾಕಿದರೆ ಅದರ ಮೊನೆ ತುದಿಯಿಂದ ಎಲ್/20ರಲ್ಲಿ, ಅಂದರೆ 5 ಸೆಂಟಿಮೀಟರಿನಲ್ಲಿ. 100 ಪದ ಹಾಕಿದರೆ 5 ಮಿಲಿಮೀಟರಿನಲ್ಲಿ. ಚಿತ್ರದ ಬಿಂದುಗಳು ಅದಕ್ಕಿಂತ ದೂರದೂರವಿದ್ದರೆ ಕೊಂಬು ಹೋದಂತೆ ಕಾಣಬಹುದು. ಹೋಗಿಲ್ಲ, ಬಿಂದುಗಳ ಸಂದಿಯಲ್ಲಿ ಅಡಗಿದೆ.

ಶಾಖದ ಲೆಕ್ಕದಲ್ಲಿ ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಟಿ ಸ್ವಲ್ಪ ಏರಿದರೂ ಇ-ಘಾತವು ದೊಡ್ಡ ಎನ್‌ಗಳನ್ನು ಒರೆಸಿಹಾಕುತ್ತದೆ, ಕೊಂಬೂ ಅವುಗಳ ಜೊತೆಗೇ ಹೋಗುತ್ತದೆ. ತಂತಿ ಅಥವಾ ಅಲೆಯ ಸಮೀಕರಣದಲ್ಲಿ ಹಾಗಿಲ್ಲ. ಒರೆಸುವ ಇ-ಘಾತವಿಲ್ಲ, ನೆಗೆತವಿದ್ದರೆ ಕೊಂಬು ಅಲೆಯ ಜೊತೆಗೇ ಓಡಾಡುತ್ತಿರುತ್ತದೆ. ಅಲ್ಲಿ ಗಣಿತಜ್ಞ ಲಾಂಟ್ಸೋಷ್ ಅವರ ಗುಣಕ ಬಳಸಿ: ಕೊನೆಯ ಪದದ ಎನ್‌ಗಿಂತ ಒಂದು ಹೆಚ್ಚಿನ ಸಂಖ್ಯೆ ಎಂ ಆದರೆ, ಪ್ರತಿ ಪದವನ್ನೂ ಸೈನ್(ಎನ್ ಪೈ/ಎಂ) ÷ (ಎನ್ ಪೈ/ಎಂ) ಇಂದ ಗುಣಿಸಿ. ಕೊಂಬು ಬಹುಮಟ್ಟಿಗೆ ತಗ್ಗುತ್ತದೆ. ಬದಲಿಗೆ ನೆಗೆತದ ಗೋಡೆ ಸ್ವಲ್ಪ ಇಳಿಜಾರಾಗುತ್ತದೆ.

ಪ್ರಶ್ನೆ: ಅವರೇ ಮುಂದುವರಿಸಿ ಕೇಳಿದ್ದಾರೆ: ಚೌಕದ ತಗಡು, ಮೇಲಂಚು 100 ಡಿಗ್ರಿ, ಉಳಿದ ಮೂರು ಅಂಚು 0. ಪದ ಹೆಚ್ಚಿಸಿದಾಗ ಮೇಲಂಚಿನ ಹತ್ತಿರ ಉತ್ತರವಾಗಿ ಸಂಖ್ಯೆಯೇ ಬರುತ್ತಿಲ್ಲ.

ಉತ್ತರ: ಈ ಸಲ ಕೋಡ್‌ನಲ್ಲೇ ತೊಂದರೆ. ನಿಮ್ಮ ಪದದಲ್ಲಿ ಹೈಪರ್ಬೋಲಿಕ್ ಸೈನ್(ಎನ್ ಪೈ ವೈ/ಎಲ್) ಅನ್ನು ಹೈಪರ್ಬೋಲಿಕ್ ಸೈನ್(ಎನ್ ಪೈ) ಇಂದ ಭಾಗಿಸಿದ್ದೀರಿ. ವೈ ಎಂದರೆ ಕೆಳಗಿನಿಂದ ಎತ್ತರ, ಎಲ್ ಎಂದರೆ ಚೌಕದ ಬದಿ. ಎನ್ = 227ಕ್ಕೆ ಬಂದಾಗ ಛೇದ ಕಂಪ್ಯೂಟರಿನ ಎಂದಿನ 64 ಬಿಟ್ ಸಂಖ್ಯೆಯ ಮಿತಿ ಮೀರಿ ಅನಂತವಾಗುತ್ತದೆ. ಮುಂದಿನ ಪದಗಳಲ್ಲಿ ಮೇಲಂಚಿನ ಬಳಿ ಅಂಶವೂ ಅನಂತ. ಅನಂತವನ್ನು ಅನಂತದಿಂದ ಭಾಗಿಸು ಎಂದರೆ ಯಂತ್ರ ಕೈಚೆಲ್ಲುತ್ತದೆ. ಭಾಗಿಸುವ ಮೊದಲೇ ದೊಡ್ಡ ಇ-ಘಾತವನ್ನು ಹೊರಗೆ ತೆಗೆಯಿರಿ: ಇ^(−ಎನ್ ಪೈ (1 − ವೈ/ಎಲ್)) × (1 − ಇ^(−2 ಎನ್ ಪೈ ವೈ/ಎಲ್)) ÷ (1 − ಇ^(−2 ಎನ್ ಪೈ)). ಬೆಲೆ ಅದೇ, ಯಾವ ತುಂಡೂ 1 ದಾಟುವುದಿಲ್ಲ.

ಪರೀಕ್ಷಿಸಲು ಸುಲಭದ ದಾರಿ ಚೌಕದ ಕೇಂದ್ರ. ನಾಲ್ಕೂ ಅಂಚು 100 ಇದ್ದರೆ ಕೇಂದ್ರವೂ 100. ನಾಲ್ಕು ಅಂಚಿನ ಪಾಲೂ ಸಮ. ಆದ್ದರಿಂದ ಒಂದೇ ಅಂಚಿನದು 25. ಶ್ರೇಣಿಯಲ್ಲಿ ಮೊದಲ ಪದ 25.372, ಮೂರನೆಯದು −0.381, ಐದನೆಯದು +0.010. ಸರಿಯಾಗಿ 25ಕ್ಕೆ ಬಂದು ನಿಲ್ಲುತ್ತದೆ.

ಪ್ರಶ್ನೆ: ತಂತಿಯನ್ನು ಯಾವ ಜಾಗದಲ್ಲಿ ಮೀಟಿದರೆ ಯಾವ ಸ್ವರಾಂಶ ಬರುತ್ತದೆ ಎಂದು ಶ್ರೇಣಿ ಹೇಳುತ್ತದಂತೆ. ತಂಬೂರಿಗೂ ಅದು ನಿಜವೇ? (ವೀಣೆ ಕಲಿಯುತ್ತಿರುವ ಓದುಗರು, ಮೈಸೂರು)

ಉತ್ತರ: ಮೊದಲ ಭಾಗ ನಿಜ, ಎರಡನೆಯದು ಸ್ವಾರಸ್ಯದ್ದು.

ಎರಡೂ ತುದಿ ಬಿಗಿದ ತಂತಿಯನ್ನು ಎಡತುದಿಯಿಂದ ಪಿ ದೂರದಲ್ಲಿ ಎಚ್ ಎತ್ತರಕ್ಕೆ ಎಳೆದು ಬಿಟ್ಟರೆ, ಎನ್‌ನೆಯ ಹಾರ್ಮೋನಿಕ್‌ನ (ಅಂದರೆ ಸ್ವರಾಂಶದ) ಸಹಗುಣಕ 2 ಎಚ್ ಎಲ್²/(ಎನ್² ಪೈ² ಪಿ (ಎಲ್ − ಪಿ)) × ಸೈನ್(ಎನ್ ಪೈ ಪಿ/ಎಲ್). ಇದನ್ನು ಪಡೆಯುವಾಗ ಅನುಕಲವನ್ನು 0 ಯಿಂದ ಪಿ, ಪಿ ಇಂದ ಎಲ್ ಎಂದು ಎರಡು ತುಂಡು ಮಾಡಬೇಕು. ಭಾಗಶಃ ಅನುಕಲನದಲ್ಲಿ ಎರಡೂ ತುಂಡಿನಿಂದ ಕೊಸೈನ್ ಇರುವ ಒಂದೊಂದು ಪದ ಬರುತ್ತದೆ, ಅವು ಒಂದನ್ನೊಂದು ಹೊಡೆದುಹಾಕಬೇಕು. ಹೊಡೆಯದೆ ಉಳಿದರೆ ಎಲ್ಲೋ ಚಿಹ್ನೆ ತಪ್ಪಿದೆ. ಇನ್ನೊಂದು ಸುಳಿವು: ತಂತಿ ಮುರಿದಿಲ್ಲ, ಬರೀ ಮೊನೆಯಾಗಿ ಬಾಗಿದೆ, ಅಂಥ ಫಲನದ ಸಹಗುಣಕಗಳು 1/ಎನ್² ವೇಗದಲ್ಲಿ ಕುಗ್ಗುತ್ತವೆ. ನಿಮ್ಮ ಉತ್ತರದಲ್ಲಿ 1/ಎನ್ ಕಂಡರೆ ತಂತಿ ತುಂಡಾಗಿದೆ ಎಂದು ಲೆಕ್ಕ ಹೇಳುತ್ತಿದೆ.

ನಡುವೆ ಮೀಟಿದರೆ ಎರಡು, ನಾಲ್ಕು, ಆರನೆಯ ಹಾರ್ಮೋನಿಕ್‌ಗಳು ಇಲ್ಲವೇ ಇಲ್ಲ, ಮೊದಲನೆಯದು 0.81 ಎಚ್, ಮೂರನೆಯದು ಅದರ ಒಂಬತ್ತರಲ್ಲಿ ಒಂದು. ಉದ್ದದ ಏಳರಲ್ಲಿ ಒಂದು ಪಾಲಿನ ದೂರದಲ್ಲಿ ಮೀಟಿದರೆ ಮೊದಲ ಮೂರು 0.72 ಎಚ್, 0.32 ಎಚ್, 0.18 ಎಚ್; ಏಳನೆಯದು ಮತ್ತು ಹದಿನಾಲ್ಕನೆಯದು ಗೈರು. ಕುದುರೆಯ (ತಂತಿಯನ್ನು ಹೊತ್ತ ಮಣೆಯ) ಹತ್ತಿರ ಮೀಟಿದಷ್ಟೂ ನಾದ ಹರಿತವಾಗುವುದು ಇದರಿಂದಲೇ. ಮೀಟಿದ ಜಾಗ ಯಾವ ಹಾರ್ಮೋನಿಕ್‌ನ ನಿಶ್ಚಲ ಬಿಂದುವೋ ಅದು ಏಳದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನ ನಿಯಮ.

(ಎಳೆದು ಬಿಡದೆ, ಸಂತೂರಿನಂತೆ ಬಡಿದರೆ ಆರಂಭದ ಆಕಾರ ಸೊನ್ನೆ, ಆರಂಭದ ವೇಗ ಮಾತ್ರ ಇದೆ. ಆಗ ವೇಗದ ಸಹಗುಣಕವನ್ನು ಎನ್ ಪೈ ಸಿ/ಎಲ್ ಇಂದ ಭಾಗಿಸಬೇಕು. ಸಿ ತಂತಿಯ ಮೇಲಿನ ಅಲೆಯ ವೇಗ. ಭಾಗಿಸಲು ಮರೆಯುವುದು ಇಲ್ಲಿಯ ಮಾಮೂಲಿ ತಪ್ಪು.)

ತಂಬೂರಿಗೆ ಬರೋಣ. ಸಿ. ವಿ. ರಾಮನ್ 1921ರಲ್ಲಿ ವೀಣೆ ಮತ್ತು ತಂಬೂರಿಯ ಬಗ್ಗೆ ಬರೆದಾಗ ಗುರುತಿಸಿದ್ದು ಇದನ್ನೇ: ಈ ವಾದ್ಯಗಳು ಆ ನಿಯಮವನ್ನು ಮುರಿಯುತ್ತವೆ. ನಿಶ್ಚಲ ಬಿಂದುವಿನಲ್ಲೇ ಮೀಟಿದರೂ ಗೈರಾಗಬೇಕಾದ ಹಾರ್ಮೋನಿಕ್ ಕೇಳುತ್ತದೆ. ಕಾರಣ ಅಂಚು. ಪಿಟೀಲಿನ ಕುದುರೆ ಚೂಪು, ತಂತಿ ಒಂದು ಬಿಂದುವಿನಲ್ಲಿ ಕೂರುತ್ತದೆ. ತಂಬೂರಿಯ ಕುದುರೆ ಅಗಲ, ಮೇಲ್ಮೈ ನಯವಾಗಿ ಬಾಗಿದ್ದು, ತಂತಿಯ ಕೆಳಗೆ ಒಂದು ನೂಲೆಳೆ. ತಂತಿ ಕೆಳಗೆ ಬಂದಾಗ ಕುದುರೆಯ ಮೇಲೆ ಒರಗುತ್ತದೆ, ಮೇಲೆ ಹೋದಾಗ ಬಿಡುತ್ತದೆ. ಅಂದರೆ ಎಲ್ ಎಂಬುದೇ ಪ್ರತಿ ಕಂಪನದಲ್ಲಿ ಅಷ್ಟಿಷ್ಟು ಬದಲಾಗುತ್ತದೆ. ‘ಎಕ್ಸ್ = ಎಲ್ ಆದಾಗ ಯು = 0’ ಎಂದು ಬರೆದ ಕ್ಷಣದಲ್ಲೇ ನಾವು ತಂಬೂರಿಯನ್ನು ಬಿಟ್ಟು ಬೇರೆ ವಾದ್ಯದ ಲೆಕ್ಕ ಹಾಕುತ್ತಿರುತ್ತೇವೆ. ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ತೆರೆದುಕೊಳ್ಳುವುದು ಶ್ರುತಿ ಮಾಡಿದವರಿಗೆಲ್ಲ ಗೊತ್ತು. ಅವರು ಸರಿಸುತ್ತಿರುವುದು ಅಂಚಿನ ನಿಬಂಧನೆಯನ್ನು.

ಪ್ರಶ್ನೆ: ನಮ್ಮ ಕಡೆ ಜೋಳ ಇಡುವ ಹಗೇವಿನೊಳಗೆ ಬೇಸಿಗೆಯಲ್ಲೂ ತಂಪಿರುತ್ತದೆ. ಹತ್ತಡಿ ಆಳದಲ್ಲಿ ಎಷ್ಟು ತಂಪು ಎಂದು ಲೆಕ್ಕ ಹಾಕಬಹುದೇ? (ಕಲಬುರಗಿ ಜಿಲ್ಲೆಯ ಓದುಗರು)

ಉತ್ತರ: ಹಾಕಬಹುದು, ಮತ್ತು ಇದು ಫೋರಿಯರ್ ಅವರಿಗೇ ಪ್ರಿಯವಾಗಿದ್ದ ಲೆಕ್ಕ. 1807ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರ ಮುಂದೆ ಶಾಖದ ಪ್ರಬಂಧ ಇಟ್ಟಾಗ ಗಣಿತಜ್ಞ ಲಗ್ರಾಂಜ್ ಅದರ ಶ್ರೇಣಿಗಳನ್ನು ಒಪ್ಪಲಿಲ್ಲ; ಪೂರ್ತಿ ಪುಸ್ತಕ ಹೊರಬಂದದ್ದು 1822ರಲ್ಲಿ. ಯಾವ ಫಲನಕ್ಕೆ ಶ್ರೇಣಿ ಸರಿಯಾಗಿ ಕೂಡುತ್ತದೆ ಎಂಬುದಕ್ಕೆ ಗಣಿತಜ್ಞ ಡಿರಿಕ್ಲೆ ಗಟ್ಟಿ ಸಾಧನೆ ಕೊಟ್ಟದ್ದು 1829ರಲ್ಲಿ. ಭೂಮಿಯ ಮೇಲ್ಮೈಯ ಬಿಸಿ ಒಳಗೆ ಹೇಗೆ ಇಳಿಯುತ್ತದೆ ಎಂಬುದನ್ನು ಫೋರಿಯರ್ ತಾವೇ ಬಿಡಿಸಿದ್ದರು.

ಇಲ್ಲಿ ಅಂಚು ಬೇರೆ ಥರದ್ದು. ಮೇಲೆ ಒಂದೇ ತುದಿ, ಕೆಳಗೆ ತುದಿಯೇ ಇಲ್ಲ. ಆರಂಭದ ಸ್ಥಿತಿಯೂ ಬೇಡ. ಬಿಸಿಲು ಅನಾದಿಯಿಂದ ದಿನಕ್ಕೊಮ್ಮೆ, ವರ್ಷಕ್ಕೊಮ್ಮೆ ಸುತ್ತುತ್ತಲೇ ಇದೆ. ಆದ್ದರಿಂದ ಶ್ರೇಣಿಯನ್ನು ಎಕ್ಸ್‌ನಲ್ಲಲ್ಲ, ಕಾಲದಲ್ಲಿ ಬರೆಯಬೇಕು: ಮೇಲ್ಮೈ ತಾಪಮಾನವನ್ನು ದಿನದ ಅಲೆ, ವರ್ಷದ ಅಲೆ ಎಂದು ಒಡೆಯಿರಿ. ಪ್ರತಿ ಅಲೆಗೂ ಒಂದು ಆಳ ಡಿ ಇದೆ: 2 ಆಲ್ಫಾ ÷ ಒಮೆಗಾ ಎಂಬುದರ ವರ್ಗಮೂಲ, ಒಮೆಗಾ ಎಂದರೆ 2 ಪೈ ÷ ಆ ಅಲೆಯ ಅವಧಿ. ಡಿ ಆಳ ಇಳಿದಾಗಲೆಲ್ಲ ಏರಿಳಿತ 37 ಶೇಕಡಾಕ್ಕೆ ಕುಗ್ಗುತ್ತದೆ, ಜೊತೆಗೆ ಹಿಂದೆ ಬೀಳುತ್ತದೆ. ಬಿಡಿಸುವಾಗ ಆಳಕ್ಕೆ ಹೋದಂತೆ ಬೆಳೆಯುವ ಇನ್ನೊಂದು ಉತ್ತರವೂ ಬರುತ್ತದೆ. ಅದನ್ನು ಬಿಸಾಡಿ, ಭೂಮಿಯ ಹೊಟ್ಟೆಯಲ್ಲಿ ಬೇಸಿಗೆ ಹೆಚ್ಚುವುದಿಲ್ಲ.

ಮಣ್ಣಿಗೆ ಆಲ್ಫಾ 0.0000005 ಎಂದು ಹಿಡಿಯೋಣ. ದಿನದ ಅಲೆಗೆ ಡಿ ಸುಮಾರು 12 ಸೆಂಟಿಮೀಟರ್. ಮೂರು ಡಿ, ಅಂದರೆ ಮೊಣಕೈ ಉದ್ದಕ್ಕಿಂತ ಕಡಿಮೆ ಆಳದಲ್ಲೇ, ಹಗಲು ರಾತ್ರಿಯ ಏರಿಳಿತ 5 ಶೇಕಡಾಕ್ಕೆ ಬಿದ್ದಿರುತ್ತದೆ. ಅದೂ ಹನ್ನೊಂದು ಗಂಟೆ ತಡವಾಗಿ, ಮೇಲೆ ಮಧ್ಯಾಹ್ನವಾದಾಗ ಅಲ್ಲಿ ನಡುರಾತ್ರಿ ಕಳೆದ ಹೊತ್ತು. ವರ್ಷದ ಅಲೆಗೆ ಡಿ ಸುಮಾರು 2.24 ಮೀಟರ್. ಹತ್ತಡಿ ಎಂದರೆ 3 ಮೀಟರ್: ಏರಿಳಿತ 26 ಶೇಕಡಾ ಉಳಿಯುತ್ತದೆ, 78 ದಿನ ತಡವಾಗುತ್ತದೆ. ಮೇಲ್ಮೈ ವರ್ಷದ ಸರಾಸರಿಗಿಂತ 8 ಡಿಗ್ರಿ ಮೇಲೆ ಕೆಳಗೆ ಆಡಿದರೆ ಅಲ್ಲಿ ಆಡುವುದು 2 ಡಿಗ್ರಿ. ಮೇಲೆ ಮೇ ನಡುವಿನಲ್ಲಿ ಅತಿ ಬಿಸಿಯಾದರೆ ಹತ್ತಡಿಯಲ್ಲಿ ಅತಿ ಬಿಸಿ ಆಗಸ್ಟ್ ಮೊದಲಿಗೆ. ಇನ್ನೂ ಇಳಿದು 7 ಮೀಟರಿಗೆ ಹೋದರೆ ಪೂರ್ತಿ ಅರ್ಧ ವರ್ಷ ಹಿಂದೆ. ಮೇಲೆ ಬೇಸಿಗೆಯಾದಾಗ ಅಲ್ಲಿ ಚಳಿಗಾಲ, ಆದರೆ ಏರಿಳಿತ 4 ಶೇಕಡಾ ಮಾತ್ರ.

ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂದೂ ಹೇಳಬೇಕು. ಎರೆಮಣ್ಣು ಒದ್ದೆಯಾದಾಗ ಆಲ್ಫಾ ಬದಲಾಗುತ್ತದೆ, ಒಣಗಿ ಬಿರುಕು ಬಿಟ್ಟಾಗ ಗಾಳಿಯೇ ಒಳಗೆ ಓಡಾಡುತ್ತದೆ. ಇಳಿಯುವ ಮಳೆನೀರು ತನ್ನ ಶಾಖವನ್ನೂ ಹೊತ್ತೊಯ್ಯುತ್ತದೆ. ಹಗೇವು ತುಂಬಿದ್ದರೆ ಕಾಳಿನ ಉಸಿರಾಟದ ಬಿಸಿಯೂ ಸೇರುತ್ತದೆ, ತೇವದ ಕಾಳಾದರೆ ಇನ್ನೂ ಹೆಚ್ಚು. ಮೇಲಿನ ಅಂಕಿಗಳು ಮಣ್ಣಿನವು, ಜೋಳದವಲ್ಲ.

ಪ್ರಶ್ನೆ: ಮೃದಂಗದ ಚರ್ಮಕ್ಕೂ ಸೈನ್ ಶ್ರೇಣಿ ಸಾಕೇ? (ಮೈಸೂರಿನ ಅದೇ ಓದುಗರು)

ಉತ್ತರ: ಸಾಲದು. ಅಂಚು ದುಂಡಗಿದ್ದರೆ ಸುತ್ತಿನ ದಿಕ್ಕಿಗೆ ಮಾತ್ರ ಸೈನ್ ಕೊಸೈನ್. ಕೇಂದ್ರದಿಂದ ಹೊರಕ್ಕೆ ಹೋಗುವ ದಿಕ್ಕಿಗೆ ಬೆಸೆಲ್ ಫಲನಗಳು. ಅವುಗಳ ಸೊನ್ನೆಗಳು 2.405, 3.832, 5.136 ಹೀಗೆ ಓರಣವಿಲ್ಲದೆ ಬೀಳುತ್ತವೆ. ಬರಿಯ ಚರ್ಮದ ಎರಡನೆಯ ಕಂಪನ ಮೊದಲನೆಯದರ ಎರಡು ಪಟ್ಟಲ್ಲ, 1.59 ಪಟ್ಟು. ತಮಟೆಯಲ್ಲಿ ಸ್ವರ ನಿಲ್ಲದಿರುವುದು ಅದಕ್ಕೇ. ಮೃದಂಗದ ನಡುವಿನ ಕಪ್ಪು ಕರಣೆ ಆ ಚರ್ಮಕ್ಕೆ ತೂಕ ಕೂಡಿಸಿ ಕಂಪನಗಳನ್ನು ಪೂರ್ಣಾಂಕದ ಅನುಪಾತಕ್ಕೆ ಎಳೆದು ತರುತ್ತದೆ. ರಾಮನ್ ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಕರಣೆಯಿರುವ ಕಡೆ ಚರ್ಮದ ತೂಕವೇ ಬೇರೆ; ಸಮೀಕರಣದ ಸ್ಥಿರಾಂಕ ಅಲ್ಲಿ ಸ್ಥಿರವಾಗಿ ಉಳಿಯುವುದಿಲ್ಲ. ಕರಣೆಯ ಭಾಗಕ್ಕೊಂದು, ಹೊರಗಿನ ಭಾಗಕ್ಕೊಂದು ಉತ್ತರ ಬರೆದು, ಕರಣೆಯ ಅಂಚಿನಲ್ಲಿ ಎತ್ತರವೂ ಇಳಿಜಾರೂ ಹೊಂದುವಂತೆ ಹೊಲಿಯಬೇಕು.